ಒಂದು ಬಡಿದರೆ ನಿಲ್ಲಬೇಕು

ಅಪ್ಪ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದರು. ನಿವೃತ್ತರಾದ ಮೇಲೆ ಮನೆಯಲ್ಲಿ ಕೂತು ಅಮ್ಮನ ತಲೆ ತಿನ್ನತೊಡಗಿದರು. ನಾಲ್ಕೇ ತಿಂಗಳಿಗೆ ಅಮ್ಮ, "ನಿನ್ನ ಆಸ್ಪತ್ರೇಲಿ ಇವರಿಗೊಂದು ಕೆಲಸ ಕೊಡು, ನಿನಗೆ ಪುಣ್ಯ ಬರುತ್ತೆ" ಅಂದಳು.

ನನ್ನದು ಕಡಲಾಮೆಗಳ ಆಸ್ಪತ್ರೆ. ಬಲೆಗೆ ಸಿಕ್ಕಿ ಗಾಯಗೊಂಡವು, ಪ್ಲಾಸ್ಟಿಕ್ ನುಂಗಿದವು ಬರುತ್ತವೆ. ವಾಸಿಯಾದವು ಸಮುದ್ರಕ್ಕೆ ವಾಪಸ್ ಹೋಗುತ್ತವೆ. ಅವುಗಳಿಗೆ ಮೀನು ಹಾಕಲು ಒಬ್ಬರು ಬೇಕಿತ್ತು. ಬಾಯಿ ಮುಚ್ಚಿಕೊಂಡು ಹಾಕುವವರು ಬೇಕಿತ್ತು. ಅಪ್ಪನನ್ನು ಸೇರಿಸಿಕೊಂಡೆ. ತಪ್ಪು ನನ್ನದೇ.

ಕಾಡುಪ್ರಾಣಿಗೆ ಮನುಷ್ಯರ ಸಲುಗೆ ಬೆಳೆಯಬಾರದು ಅನ್ನುವುದು ನಮ್ಮ ನಿಯಮ. ಅದಕ್ಕೇ ತೊಟ್ಟಿಯ ಮುಂದೆ ಕಪ್ಪು ಪರದೆ. ಅದರ ಹಿಂದೆ ನಿಂತು ಉದ್ದನೆಯ ಇಕ್ಕಳದಲ್ಲಿ ಮೀನು ನೀಡಿ ಸದ್ದಿಲ್ಲದೆ ಬರಬೇಕು. ಅಪ್ಪ ಬಾಯಿ ಮುಚ್ಚಿಕೊಂಡೇ ಇದ್ದರು. ಆದರೆ ಕೈ ಸುಮ್ಮನಿರಬೇಕಲ್ಲ. ಬಸ್ಸಿನ ಬದಿಗೆ ಒಂದು ಬಡಿದರೆ ನಿಲ್ಲಬೇಕು, ಎರಡು ಬಡಿದರೆ ಹೊರಡಬೇಕು. ಮನೆಯಲ್ಲೂ ಇದೇ ಕಾನೂನು. ನನ್ನ ಕೋಣೆಯ ಬಾಗಿಲಿಗೆ ಒಂದು ಬಿತ್ತೆಂದರೆ ಏನು ಮಾಡುತ್ತಿದ್ದರೂ ಬಿಟ್ಟು ಊಟಕ್ಕೆ ಬರಬೇಕು. ನಲವತ್ತರ ಹತ್ತಿರ ಬಂದರೂ ಬರುತ್ತೇನೆ. ಆಸ್ಪತ್ರೆಯ ಜೀಪು ಸಹ ಅಪ್ಪ ಹಿಂದೆ ಕೂತು ಎರಡು ಬಡಿಯದೆ ಹೊರಟಿದ್ದಿಲ್ಲ.

ವಿಷಯ ಬಯಲಾಗಿದ್ದು ಪ್ಲಂಬರ್‌ನಿಂದ. ಮೂರನೇ ತೊಟ್ಟಿಯ ಪೈಪು ರಿಪೇರಿ ಮಾಡುತ್ತ ಅವನು ಸ್ಪ್ಯಾನರಿನಿಂದ ಒಂದು ಕುಟ್ಟಿದ. ಅಲ್ಲಿದ್ದ ಆಮೆ ನೇರವಾಗಿ ಅವನ ಕಡೆ ಈಜಿ ಬಂದು ಬಾಯಿ ತೆರೆದು ನಿಂತಿತು.

"ಇದಕ್ಕೇನೋ ಬೇಕಂತೆ, ನೋಡಿ" ಎಂದ ಪ್ಲಂಬರ್. ಮೀನು ನೀಡುವ ಮುನ್ನ ಅಪ್ಪ ದಿನಾ ತೊಟ್ಟಿಗೆ ಒಂದು ಬಡಿಯುತ್ತಿದ್ದರು ಅಂತ ನನಗೆ ಗೊತ್ತಾಗಿದ್ದು ಆಗಲೇ.

ಆ ಆಮೆಗೆ ಅಪ್ಪ ಇಟ್ಟ ಹೆಸರು ಪಾಸಮ್ಮ, ಟಿಕೆಟ್ಟಿಲ್ಲದೆ ಕೂತಿದ್ದಾಳೆ ಅಂತ. ಬಲೆಯ ದಾರ ಅದರ ಮುಂಗಾಲನ್ನು ಮೂಳೆಯವರೆಗೆ ಕೊಯ್ದಿತ್ತು. ಐದು ತಿಂಗಳು ಹೆಣಗಿ ವಾಸಿಮಾಡಿದ್ದೆ. ಈಗ ಸಮುದ್ರದಲ್ಲಿ ಯಾರಾದರೂ ದೋಣಿಯ ಬದಿಗೆ ಒಂದು ತಟ್ಟಿದರೆ ಸಾಕು, ಇದು ಬಾಯಿ ತೆರೆದುಕೊಂಡು ಹೋಗಿ ಮತ್ತೆ ಬಲೆಗೆ ಬೀಳುತ್ತದೆ. ಈ ಅಭ್ಯಾಸ ಬಿಡಿಸದಿದ್ದರೆ ಬಿಡುಗಡೆಯಿಲ್ಲ. ಜೀವಮಾನವೆಲ್ಲ ಪ್ರದರ್ಶನದ ಗಾಜಿನ ತೊಟ್ಟಿಯೇ ಗತಿ.

ಬಿಡಿಸುವ ದಾರಿ ಸರಳ. ಒಂದು ಬಡಿಯಬೇಕು; ಬಂದರೆ ಮೀನಿನ ಬದಲು ಪೈಪಿನಿಂದ ಮುಖಕ್ಕೆ ಜೋರಾಗಿ ನೀರು ಬಿಡಬೇಕು. ಊಟ ಬೇರೆ ಹೊತ್ತಿನಲ್ಲಿ, ಯಾರೂ ಕಾಣದಂತೆ, ಕೊಳವೆಯ ಮೂಲಕ. ಒಂದು ವಾರ ನಾನೇ ಮಾಡಿದೆ. ನನ್ನ ನೆರಳು ಕಂಡರೆ ಪಾಸಮ್ಮ ಮೂಲೆ ಸೇರತೊಡಗಿತು. ಅಪ್ಪ ಬಡಿದರೆ ಮಾತ್ರ ಓಡೋಡಿ ಬರುತ್ತಿತ್ತು. ದೋಷ ಬಡಿತದ್ದಲ್ಲ, ನನ್ನದು ಅಂತ ಅದು ತೀರ್ಮಾನಿಸಿತ್ತು.

"ಅಪ್ಪ, ನೀವೇ ಮಾಡ್ಬೇಕು" ಅಂದೆ.

ಕೆಲಸದ ಜಾಗದಲ್ಲಿ ಅಪ್ಪ ನನ್ನನ್ನು ಮಗಳೇ ಅನ್ನುವುದಿಲ್ಲ. "ಬಸ್ ನಿಲ್ಸಿ ಹತ್ತಿಸಿಕೊಳ್ಳದೆ ಹೋಗೋದಾ? ಮೂವತ್ತೊಂದು ವರ್ಷದಲ್ಲಿ ಒಂದ್ಸಲನೂ ಮಾಡಿಲ್ಲ, ಡಾಕ್ಟ್ರೇ."

"ಮಾಡ್ದೇ ಇದ್ರೆ ಅದು ಗಾಜಿನ ತೊಟ್ಟೀಲೇ ಸಾಯುತ್ತೆ."

ಅಪ್ಪ ಪೈಪು ತೆಗೆದುಕೊಂಡರು.

ಮೊದಲ ದಿನ ಬಡಿದರು, ಪಾಸಮ್ಮ ಬಂತು, ಮುಖಕ್ಕೆ ನೀರು ಬಿತ್ತು. ಅದು ಹಿಂದೆ ಸರಿದು ಸ್ವಲ್ಪ ಹೊತ್ತು ಇದ್ದು, ಎಲ್ಲೋ ತಪ್ಪಾಗಿದೆ ಅನ್ನುವ ಹಾಗೆ ಮತ್ತೆ ಬಂದು ಬಾಯಿ ತೆರೆಯಿತು. ಅಪ್ಪ ಪೈಪು ಕೆಳಗಿಳಿಸಿ ನನ್ನ ಕಡೆ ನೋಡಿದರು. ನನಗೂ ಸಂಕಟವಾಯಿತು. ಆದರೂ "ಇನ್ನೊಂದ್ಸಲ" ಅಂದೆ.

ಹೀಗೆ ಆರು ವಾರ. ಅಪ್ಪ ಮನೆಯಲ್ಲೂ ಮಾತು ಕಡಿಮೆ ಮಾಡಿದರು. ನನ್ನ ಬಾಗಿಲಿಗೆ ಬಡಿತ ಬೀಳುವುದು ನಿಂತುಹೋಯಿತು. ಊಟ ಆರಿದ ಮೇಲೆ ನಾನಾಗಿಯೇ ಹೋಗುತ್ತಿದ್ದೆ. "ಏನ್ ಮಾಡ್ದೆ ನಿಮ್ಮಪ್ಪಂಗೆ? ಮನೆ ಬಿಕೋ ಅಂತಿದೆ" ಅಂದಳು ಅಮ್ಮ. ಕೆಲಸ ಕೊಡು ಅಂದವಳೂ ಅವಳೇ.

ಪರೀಕ್ಷೆ ಮೂರು ದಿನ, ದಿನಕ್ಕೆ ಹತ್ತು ಸಲ. ಮೂವತ್ತು ಸಲವೂ ಅಪ್ಪನ ಬಡಿತ ಕೇಳಿದ ಕೂಡಲೇ ಪಾಸಮ್ಮ ಬೆನ್ನು ತಿರುಗಿಸಿ ತಳಕ್ಕೆ ಹೋಯಿತು. ನಾನು ಹಾಳೆಯಲ್ಲಿ 'ತೇರ್ಗಡೆ' ಅಂತ ಬರೆದು ಸಹಿ ಹಾಕಿದೆ. ಅಪ್ಪ ಪೈಪನ್ನು ನೀಟಾಗಿ ಸುತ್ತಿ ಮೊಳೆಗೆ ನೇತುಹಾಕಿದರು.

ಮರುದಿನ ಬೆಳಿಗ್ಗೆ ಜೀಪಿನಲ್ಲಿ ಪೆಟ್ಟಿಗೆ ಹೇರಿಕೊಂಡು ಕಡಲತೀರಕ್ಕೆ ಹೋದೆವು. ಮರಳಿಗೆ ಇಳಿಸಿದ ಮೇಲೆ ಪಾಸಮ್ಮ ಗಾಯ ಮಾಗಿದ ಕಾಲು ಎಳೆದುಕೊಂಡು ನೀರಿನವರೆಗೆ ಹೋಯಿತು. ಒಂದು ಅಲೆ ಬಂತು, ಇನ್ನೊಂದು ಬಂತು, ಆಮೇಲೆ ಅದು ಕಾಣಲಿಲ್ಲ. ಅಪ್ಪ ಅಷ್ಟು ಹೊತ್ತೂ ಎರಡು ಕೈಗಳನ್ನೂ ಜೇಬಿನಲ್ಲೇ ಇಟ್ಟುಕೊಂಡಿದ್ದರು.

ವಾಪಸ್ ಹೊರಡುವಾಗ ಅವರು ಹಿಂದೆ ಖಾಲಿ ಪೆಟ್ಟಿಗೆಯ ಪಕ್ಕ ಕೂತರು. ನಾನು ಇಂಜಿನ್ ಚಾಲೂ ಮಾಡಿ ಕಾದೆ. ಬಡಿತ ಬರಲಿಲ್ಲ. ಸ್ವಲ್ಪ ಹೊತ್ತು ನೋಡಿ ಹಾಗೆಯೇ ಹೊರಟೆ.

ಒಂದು ಮೈಲಿ ದಾಟಿರಬಹುದು. ಹಿಂದಿನಿಂದ ತಗಡಿಗೆ ಒಂದು ಬಡಿತ ಬಿತ್ತು.

ಗಕ್ಕನೆ ಬ್ರೇಕ್ ಹಾಕಿ ಗಾಬರಿಯಿಂದ ತಿರುಗಿದೆ. "ಏನಾಯ್ತಪ್ಪ?"

"ಏನಿಲ್ಲ ಮಗಳೇ," ಅಂದರು. "ನೀನಾದ್ರೂ ನಿಲ್ತೀಯಾ ಅಂತ ನೋಡ್ದೆ."

ಕಣ್ಣೀರಿನಲ್ಲಿ ರಸ್ತೆ ಕಾಣುವ ಹಾಗಿರಲಿಲ್ಲ. ಅಪ್ಪ ಕಾದರು. ನಾನು ಮುಖ ಒರೆಸಿಕೊಂಡು ಸ್ಟಿಯರಿಂಗ್ ಹಿಡಿದ ಮೇಲೆ ಎರಡು ಬಡಿದರು.