ಗಾರೆಯವರು ಬೇಡವೆಂದ ಅಕ್ಕಿ

ದೇವರ ಅಕ್ಕಿಗೆ ಹುಳ ಬಿದ್ದಿರುವುದು ರೋಹ್ಲುಪುಯಿಗೆ ಮೊದಲು ಗೊತ್ತಾಗಿದ್ದು ಮೂಗಿನಿಂದ. ಚರ್ಚಿನ ಉಗ್ರಾಣದ ಬಾಗಿಲು ತೆಗೆದದ್ದೇ ತಡ, ಒದ್ದೆ ಗೋಣಿ, ಇಲಿ ಹಿಕ್ಕೆ, ಹಳಸಿದ ಹಿಟ್ಟು ಎಲ್ಲ ಸೇರಿದ ಮುಗ್ಗಲು ನಾತ ಮುಖಕ್ಕೆ ರಾಚಿತು. ಮೂಟೆಯೊಳಗೆ ಕೈಯಿಟ್ಟರೆ ಅಕ್ಕಿ ನೂಲಿನಂಥ ಬಲೆ ಕಟ್ಟಿಕೊಂಡು ಉಂಡೆಯಾಗಿ ಮೇಲೆ ಬಂತು. ಉಂಡೆಯ ಒಳಗೆ ಬಿಳಿ ಹುಳಗಳು ಮಿಸುಕಾಡುತ್ತಿದ್ದವು. ಅವಳು ಥೂ ಎಂದು ಕೈ ಕೊಡವಿದಳು.

ಆ ಅಕ್ಕಿ ಎಲ್ಲಿಂದ ಬಂದದ್ದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಐಜಾಲ್‌ನ ಆ ಕೇರಿಯಲ್ಲಿ ಯಾವ ಹೆಂಗಸೂ ಒಲೆಯ ಮೇಲೆ ಎಸರಿಡುವ ಮುಂಚೆ ಒಂದು ಹಿಡಿ ಅಕ್ಕಿ ತೆಗೆದು ದೇವರ ಡಬ್ಬಿಗೆ ಹಾಕದೆ ಇರುವುದಿಲ್ಲ. ಮಕ್ಕಳ ತಟ್ಟೆಗೆ ಕಡಿಮೆಯಾದರೂ ಆ ಹಿಡಿಗೆ ಕಡಿಮೆಯಾಗಬಾರದು. ವಾರಕ್ಕೊಮ್ಮೆ ಹೆಂಗಸರ ಸಂಘದವರು ಬುಟ್ಟಿಯ ಪಟ್ಟಿಯನ್ನು ಹಣೆಗೆ ಸಿಕ್ಕಿಸಿಕೊಂಡು, ಗುಡ್ಡದ ಮೆಟ್ಟಿಲು ಹತ್ತಿ ಇಳಿದು, ಮನೆಮನೆಯ ಡಬ್ಬಿ ಬರಿದು ಮಾಡಿ ಚರ್ಚಿಗೆ ತಂದು ಸುರಿಯುತ್ತಾರೆ. ರೋಹ್ಲುಪುಯಿ ಮದುವೆಯಾಗಿ ಬಂದಾಗಿನಿಂದ, ಗಂಡ ತೀರಿಕೊಂಡ ಮೇಲೂ, ಆ ಬುಟ್ಟಿ ಹೊತ್ತವಳು. ಅವಳ ಹಣೆಯ ಮೇಲೆ ಪಟ್ಟಿಯ ಗುರುತು ಕೂತುಬಿಟ್ಟಿತ್ತು.

ಮುಂಚೆಯೆಲ್ಲ ಆ ಅಕ್ಕಿಯನ್ನು ಆ ವಾರವೇ ಬಡವರಿಗೆ ಅಗ್ಗದಲ್ಲಿ ಮಾರುತ್ತಿದ್ದರು. ಈ ವರ್ಷ ಕಮಿಟಿಯ ತಲೆಗೆ ಗಂಟೆಗೋಪುರ ಹೊಕ್ಕಿತ್ತು. ಪಕ್ಕದ ಕೇರಿಯ ಚರ್ಚಿನ ಗೋಪುರಕ್ಕಿಂತ ನಮ್ಮದು ಒಂದು ಮೊಳವಾದರೂ ಎತ್ತರ ಇರಬೇಕು! ಗಾರೆ ಕೆಲಸದವರ ಕೂಲಿಯಲ್ಲಿ ಅರ್ಧವನ್ನು ಅಕ್ಕಿಯಲ್ಲೇ ತೀರಿಸಿದರಾಯಿತೆಂದು ಮೂಟೆಗಳನ್ನು ಪೇರಿಸಿಟ್ಟರು. ಮಳೆಗಾಲ ಬಂತು, ಕೆಲಸ ನಿಂತಿತು, ಗೋಡೆಯಿಂದ ನೀರು ಜಿನುಗಿತು. ಮಳೆ ಬಿಟ್ಟ ಮೇಲೆ ಬಂದ ಗಾರೆಯವರು ಒಂದು ಮೂಟೆ ಬಿಚ್ಚಿ ನೋಡಿ, "ಹಂದಿಗೆ ಹಾಕಿದ್ರೂ ಹಂದಿ ಬೈಯುತ್ತೆ" ಎಂದು ಅಲ್ಲೇ ಬಿಟ್ಟು ಹೋದರು.

ರೋಹ್ಲುಪುಯಿ ಚರ್ಚನ್ನು ಕೇಳುತ್ತಿದ್ದದ್ದು ಗೋಪುರವನ್ನಲ್ಲ, ಒಂದು ಪಾಳು ಮನೆಯನ್ನು. ಚರ್ಚಿನ ಹಿಂದೆ ಹಳೆಯ ಪಾಸ್ಟರ್ ಮನೆಯೊಂದು ಬೀಗ ಹಾಕಿಕೊಂಡು ಬಿದ್ದಿತ್ತು. ಸೂಜಿಯ ಚಟಕ್ಕೆ ಬಿದ್ದು ರೋಗ ಹತ್ತಿಸಿಕೊಂಡು ಮನೆಯಿಂದ ಹೊರಬಿದ್ದ ಹುಡುಗರನ್ನು ಅಲ್ಲಿ ಮಲಗಿಸಿ, ಉಣ್ಣಿಸಿ, ಬದುಕುವವರನ್ನು ಬದುಕಿಸಿ, ಸಾಯುವವರನ್ನು ಮನುಷ್ಯರಂತೆ ಸಾಯಗೊಡಬೇಕು ಎಂಬುದು ಅವಳ ಆಸೆ. ಅವಳ ತಮ್ಮ ಹ್ರಾಂಗಾ ಹಾಗೆ ಸತ್ತಿರಲಿಲ್ಲ. ಕಟ್ಟುತ್ತಿದ್ದ ಯಾರದೋ ಮನೆಯ ಮೂಲೆಯಲ್ಲಿ, ಸಿಮೆಂಟ್ ಚೀಲದ ಮೇಲೆ ಸತ್ತಿದ್ದ. ಬದುಕಿದ್ದಾಗ ಅವನು ಚಹಾ ಕುಡಿದ ಲೋಟವನ್ನು ಕೇರಿಯವರು ಕೋಲಿನಿಂದ ತಳ್ಳಿ ಕಣಿವೆಗೆ ಎಸೆಯುತ್ತಿದ್ದರು. ಸತ್ತದ್ದು ಗೊತ್ತಾದ ಕೂಡಲೇ ಅದೇ ಕೇರಿ ಇಡಿಯಾಗಿ ಬಂತು. ಹುಡುಗರು ಗುಂಡಿ ತೋಡಿದರು, ಹೆಂಗಸರು ಹೊದಿಸಲು ನೇಯ್ದ ಬಟ್ಟೆ ತಂದರು, ಬೆಳಗಿನವರೆಗೆ ಕೂತು ಹಾಡಿದರು. ಚರ್ಚಿನ ಹಿರಿಯ, ಉಪಾ ಚಲ್‌ತಂಗಾ, "ನಮ್ಮ ಮಗ ಹ್ರಾಂಗಾ" ಎಂದು ಗದ್ಗದನಾಗಿ ಮಾತಾಡಿದ. ಊರಿಗೆ ಮಾಡಿದ ಉಪಕಾರ ಹೆಣಕ್ಕೆ ಮಾಡಿದ ಶೃಂಗಾರ ಎನ್ನುತ್ತಾರೆ. ಈ ಜನಕ್ಕೆ ಉಪಕಾರವೇ ಗೊತ್ತಿಲ್ಲ, ಶೃಂಗಾರವೊಂದೇ ಗೊತ್ತು ಎಂದು ಅವಳಿಗೆ ಆವತ್ತು ಅಳುವಿಗಿಂತ ಹೆಚ್ಚಾಗಿ ಓಕರಿಕೆ ಬಂದಿತ್ತು.

ಅಂದಿನಿಂದ ಮೂರು ವರ್ಷ ಚಲ್‌ತಂಗಾನ ಬಾಗಿಲು ತಟ್ಟುತ್ತಲೇ ಬಂದಿದ್ದಳು. ಕಮಿಟಿಯ ಕಾರ್ಯದರ್ಶಿ ಅವನೇ. ಒಮ್ಮೆ ಹೋದರೆ "ಪ್ರಾರ್ಥನೆ ಮಾಡೋಣ" ಎನ್ನುತ್ತಿದ್ದ. ಇನ್ನೊಮ್ಮೆ ಹೋದರೆ, "ಕ್ರಿಸ್‌ಮಸ್ ಕಳೀಲಿ." ಕ್ರಿಸ್‌ಮಸ್ ಕಳೆದರೆ ಗೋಪುರ ಮುಗಿಯಲಿ. ಒಂದು ಸಲ, "ದೇವರು ನನ್ನ ಮನಸ್ಸಿಗೆ ಇನ್ನೂ ಹೇಳಿಲ್ಲ ಪಿ ರೋಹ್ಲುಪುಯಿ" ಎಂದು, ಹೆಂಗಸರನ್ನು ಗೌರವದಿಂದ ಕರೆಯುವ 'ಪಿ' ಸೇರಿಸಿಯೇ ಅಂದುಬಿಟ್ಟ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಎಲ್ಲ ದೇವರ ಮನೆಗಳಿಗೂ ಸಲ್ಲುತ್ತದೆ. ಪಾಸ್ಟರ್ ಹೊಸಬ, ಒಳ್ಳೆಯವನು, ಕಮಿಟಿಯ ಮುಂದೆ ಅವನ ಒಳ್ಳೆಯತನ ಬಾಯಿ ಬಿಡುತ್ತಿರಲಿಲ್ಲ. ಆದರೂ ಅವಳು ಬಿಡಲಿಲ್ಲ. ಅಷ್ಟರಲ್ಲಿ ಕಪ್‌ಮವಿಯಾ ಎಂಬ ಅದೇ ರೋಗದ ಹುಡುಗನನ್ನು ಬಸ್ ನಿಲ್ದಾಣದಿಂದ ಎತ್ತಿ ತಂದು ತನ್ನ ಅಡುಗೆಮನೆಯ ಒಲೆ ಪಕ್ಕದಲ್ಲೇ ಮಲಗಿಸಿಕೊಂಡಿದ್ದಳು. ಒಂದು ಕಾಲಕ್ಕೆ ಚರ್ಚಿನ ಹಾಡುಗಾರರ ಗುಂಪಿನಲ್ಲಿ ಮುಂದೆ ನಿಲ್ಲುತ್ತಿದ್ದವನು ಈಗ ಚಾಪೆಗೆ ಅಂಟಿಕೊಂಡಿದ್ದ. ಒಲೆಯ ಹೊಗೆಗೆ ಇಡೀ ದಿನ ಕೆಮ್ಮುತ್ತಿದ್ದ. ಮಲಗಿಸಲು ಬೇರೆ ಕೋಣೆಯಿರಲಿಲ್ಲ.

ಉಗ್ರಾಣದಲ್ಲಿ ಹುಳ ಕಂಡ ವಾರದ ಭಾನುವಾರ ಚಲ್‌ತಂಗಾ ವೇದಿಕೆ ಹತ್ತಿ ಕೋಟಿನ ಗುಂಡಿ ಹಾಕಿಕೊಂಡ.

"ನಮ್ಮ ಸಹೋದರಿ ಪಿ ರೋಹ್ಲುಪುಯಿಯ ಸೇವೆಗೆ ಸಭೆ ಬೆನ್ನು ತಟ್ತಾ ಇದೆ. ಉಗ್ರಾಣದಲ್ಲಿರೋ ದೇವರ ಅಕ್ಕಿ ಅಷ್ಟನ್ನೂ ಆ ರೋಗಿಗಳಿಗೆ ಕೊಡೋದು ಅಂತ ಕಮಿಟಿ ತೀರ್ಮಾನ ಮಾಡಿದೆ!"

ಜನ ಆಮೆನ್ ಎಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಗಾರೆ ಮೇಸ್ತ್ರಿ ತಲೆ ತಗ್ಗಿಸಿ ಚಪ್ಪಲಿ ನೋಡಿಕೊಂಡ.

ಹೊರಗೆ ಬಂದಾಗ ಅವಳು ಚಲ್‌ತಂಗಾನ ದಾರಿಗೆ ಅಡ್ಡ ನಿಂತಳು.

"ಉಪಾ, ಆ ಅಕ್ಕಿಯಲ್ಲಿ ಹುಳ ಇದೆ."

"ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ" ಎಂದು ಅವನು ಪಕ್ಕದವರತ್ತ ತಿರುಗಿ ನಕ್ಕ. "ಜರಡಿ ಹಿಡೀರಿ, ಸರಿಹೋಗುತ್ತೆ. ಮನೆ ಬೇಕಲ್ಲ ನಿಮಗೆ? ಶನಿವಾರ ಕಮಿಟಿಯೆಲ್ಲ ನಿಮ್ಮಲ್ಲಿಗೆ ಬರ್ತೀವಿ. ಈ ಅಕ್ಕಿಯಲ್ಲೇ ಒಂದು ಊಟ ಹಾಕಿ. ಫೋಟೋ ತೆಗೆಸೋಣ, ಬೀಗದ ಕೈ ಅಲ್ಲೇ ಕೊಡ್ತೀನಿ."

ಶನಿವಾರ ಬೆಳಗ್ಗೆ ಹೆಂಗಸರ ಸಂಘದ ಅಧ್ಯಕ್ಷೆ ದರ್‌ಖುಮಿ ಮೊರ, ಜರಡಿ ಹಿಡಿದುಕೊಂಡು ಬಂದಳು. ಇಬ್ಬರೂ ಅಂಗಳದಲ್ಲಿ ಕೂತು ಕೇರಿದರು, ಆರಿಸಿದರು, ತೊಳೆದರು. ಪಾತ್ರೆಗೆ ನೀರು ಹಾಕಿದಷ್ಟು ಸಲವೂ ಹುಳಗಳು ತೇಲಿ ಬಂದವು. ಚೆಲ್ಲಿದ ನೀರು ಹರಿದಲ್ಲೆಲ್ಲ ಕೋಳಿಗಳಿಗೆ ಹಬ್ಬ.

"ನಾತ ಹೋಗಲ್ಲ ಕಣೇ" ಎಂದಳು ರೋಹ್ಲುಪುಯಿ. "ನಾನು ಹೊತ್ತು ತಂದ ಅಕ್ಕಿ ಇದು. ಒಬ್ಬೊಬ್ಬಳ ಮನೆ ಹಿಡಿ ನನಗೆ ಗೊತ್ತು. ಹೊಟ್ಟೆ ತೊಳಸ್ತಿದೆ."

"ನುಂಗ್ಕೋ ಮಾರಾಯ್ತಿ. ಮೂರು ವರ್ಷ ನುಂಗಿದೀಯ, ಇನ್ನೊಂದು ಮಧ್ಯಾಹ್ನ ನುಂಗು. ಮನೆ ಸಿಕ್ಕ ಮೇಲೆ ಬೇಕಾದ್ರೆ ವಾಂತಿ ಮಾಡ್ಕೋ."

ಅವಳು ನುಂಗಿಕೊಂಡಳು. ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸಕ್ಕೆ ಸೊಪ್ಪು ಹಾಕಿ ಬೇಯಿಸಿದಳು, ಅನ್ನಕ್ಕೆ ಶುಂಠಿ ಹಾಕಿ ನಾತ ಮುಚ್ಚಲು ನೋಡಿದಳು. ಕಪ್‌ಮವಿಯಾನಿಗೆ ಮಾತ್ರ ತನ್ನ ಡಬ್ಬಿಯ ಅಕ್ಕಿಯಿಂದ ಗಂಜಿ ಕಾಯಿಸಿದಳು.

ಕಮಿಟಿ ಬಂತು. ಎಲ್ಲರೂ ಕೋಟು ತೊಟ್ಟವರೇ. ಅಡುಗೆಮನೆಯಿಂದ ಕೆಮ್ಮು ಕೇಳಿದಾಗಲೆಲ್ಲ ಬಾಗಿಲಿಂದ ದೂರದ ಜಾಗಕ್ಕೆ ಸರಿದು ಸರಿದು, ಕೊನೆಗೆ ಕಿಟಕಿಯ ಹತ್ತಿರ ಕುರಿಗಳ ಹಾಗೆ ಒತ್ತಾಗಿ ಕೂತರು. ಚಲ್‌ತಂಗಾ ಬೀಗದ ಕೈಗೆ ಕೆಂಪು ರಿಬ್ಬನ್ ಕಟ್ಟಿ ತಂದಿದ್ದ. ಫೋಟೋದಲ್ಲಿ ಕಾಣಲಿ ಎಂದು ಅದನ್ನು ಮೇಜಿನ ನಡುವೆ ಇಟ್ಟ. ಅನ್ನ ಬಡಿಸಿದ್ದಾಯಿತು. ಅವನು ಎದ್ದು ಕಣ್ಣು ಮುಚ್ಚಿ, "ಕರ್ತನೇ, ನಿನ್ನ ಮಕ್ಕಳು ಹಿಡಿ ಹಿಡಿಯಾಗಿ ಕೊಟ್ಟ ಈ ಅನ್ನಕ್ಕಾಗಿ" ಎಂದು ಶುರು ಮಾಡಿ, ಮಾಂಸದ ಮೇಲಿನ ಕೊಬ್ಬು ಹೆಪ್ಪುಗಟ್ಟುವವರೆಗೆ ಪ್ರಾರ್ಥಿಸಿದ.

ಆಮೆನ್ ಆಯಿತು. ಯಾರ ಕೈಯೂ ಅನ್ನಕ್ಕೆ ಹೋಗಲಿಲ್ಲ. ಎಲ್ಲರೂ ಮಾಂಸದ ಚೂರುಗಳನ್ನು ಆರಿಸಿ ಆರಿಸಿ ತಿಂದರು, ಚಹಾ ಹೀರಿದರು. ಒಬ್ಬ ಅನ್ನವನ್ನು ತಟ್ಟೆಯ ಅಂಚಿಗೆ ತಳ್ಳಿ ಮೂಳೆಯಿಂದ ಮುಚ್ಚಿದ. ಪಾಸ್ಟರ್ ಒಂದು ತುತ್ತು ಬಾಯಿಗಿಟ್ಟುಕೊಂಡು ಅಗಿಯದೆ ಕೂತಿದ್ದ.

ಅಲ್ಲಿಯವರೆಗೂ ಎಲ್ಲೋ ಒಂದು ಮೂಲೆಯಲ್ಲಿ ಅವಳು ಅವರನ್ನು ಕ್ಷಮಿಸುತ್ತಿದ್ದಳು. ಜರಡಿ ಹಿಡಿದರೂ ಹೋಗದಷ್ಟು ಹುಳ ಬಿದ್ದದ್ದು ಗಂಡಸರಿಗೆ ಗೊತ್ತಿರಲಿಕ್ಕಿಲ್ಲ, ಉಗ್ರಾಣ ಯಾರು ನೋಡುತ್ತಾರೆ ಎಂದುಕೊಂಡಿದ್ದಳು. ಎಲ್ಲರಿಗೂ ಗೊತ್ತಿತ್ತು. ಅವಳಿಗೆ ಮೈಯೆಲ್ಲ ಹೇಸಿತು.

"ಅನ್ನ ಉಣ್ಣಿ ಉಪಾ."

"ಮನೇಲಿ ಈಗಷ್ಟೇ ಆಯ್ತು."

"ಎರಡು ತುತ್ತು. ನೀವೇ ಪ್ರಾರ್ಥನೆ ಮಾಡಿದ ಅನ್ನ."

"ನನಗೆ ಹೊಟ್ಟೆ ಸರಿಯಿಲ್ಲ ಪಿ ರೋಹ್ಲುಪುಯಿ. ಈ ವಯಸ್ಸಿನಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಒಳಗೆ ಮಲಗಿದಾನಲ್ಲ, ಅವನಿಗೆ ಹೆಚ್ಚುಕಮ್ಮಿ ಆಗಲ್ವಾ?"

"ಅವರದು ಬಿಡಿ. ಅವರು ಹೇಗೂ..." ಎಂದವನು ನಾಲಿಗೆ ಕಚ್ಚಿಕೊಂಡ.

ಮುಂದಿನ ಮಾತು ಬೇಕಿರಲಿಲ್ಲ. ಅಡುಗೆಮನೆಯಲ್ಲಿ ಕೆಮ್ಮು ನಿಂತಿತ್ತು. ಉಸಿರು ಹಿಡಿದು ಕೆಮ್ಮು ತಡೆದುಕೊಂಡು ಕಪ್‌ಮವಿಯಾ ಕೇಳಿಸಿಕೊಳ್ಳುತ್ತಿದ್ದಾನೆಂದು ರೋಹ್ಲುಪುಯಿಗೆ ಗೊತ್ತಾಯಿತು. ದರ್‌ಖುಮಿ ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಹಾಕಿ, "ಥೂ ನಿಮ್ಮ" ಎಂದಳು. ಅಷ್ಟೇ ಅಂದಳು. ಚರ್ಚಿನ ಹಿರಿಯರಿಗೆ ಅವಳು ಹಾಗೆ ಅಂದದ್ದು ಜನ್ಮದಲ್ಲಿ ಅದೇ ಮೊದಲು.

ರೋಹ್ಲುಪುಯಿ ಕೈಚಾಚಿ ಮೇಜಿನ ಮೇಲಿನ ಬೀಗದ ಕೈ ಎತ್ತಿಕೊಂಡಳು.

"ಏಯ್, ಫೋಟೋ ಆಗಿಲ್ಲ! ಕಮಿಟಿ ಇನ್ನೂ..."

"ಹೇಗೂ ಕೊಡೋಕೇ ತಂದಿದ್ರಲ್ಲ" ಎಂದಳು. ರಿಬ್ಬನ್ ಬಿಚ್ಚಿ ಅವನ ತಟ್ಟೆಯ ಅನ್ನದ ಮೇಲೆ ಹಾಕಿದಳು.

ಅಡುಗೆಮನೆಗೆ ಹೋಗಿ ಕಪ್‌ಮವಿಯಾನ ಪಕ್ಕ ಕುಕ್ಕರುಗಾಲಲ್ಲಿ ಕೂತು ಬೆನ್ನು ಕೊಟ್ಟಳು. ಅವನು ಬೇಡ ಎಂದ. "ಸುಮ್ನೆ ಹತ್ತೋ, ಅಕ್ಕಿ ಮೂಟೆಯಷ್ಟೂ ಭಾರ ಇಲ್ಲ ನೀನು" ಎಂದು ಗದರಿದಳು. ಎಳೆ ಮಗುವನ್ನು ಕಟ್ಟಿಕೊಳ್ಳುವ ಹಾಗೆ ದರ್‌ಖುಮಿ ನೇಯ್ಗೆ ಬಟ್ಟೆಯಿಂದ ಅವನನ್ನು ಅವಳ ಬೆನ್ನಿಗೆ ಬಿಗಿದಳು. ಅವನ ಮೂಗಿನಿಂದ ಇಳಿದದ್ದು ಅವಳ ಕತ್ತಿಗೆ ತಾಕಿತು. ಅವಳಿಗೆ ಆಗ ಹೇಸಿಗೆ ಎನಿಸಲಿಲ್ಲ.

ಹೊರಗೆ ಬಂದಾಗ ಕಮಿಟಿಯವರು ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು. ಕೀ ಕಸಿದುಕೊಳ್ಳಬೇಕು ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಅಷ್ಟು ಜನ ಗಂಡಸರು ಕೈ ಚಾಚಿದ್ದರೆ ಸಾಕಿತ್ತು.

"ಅನ್ನ ಪಾತ್ರೆಯಲ್ಲಿದೆ, ಉಂಡು ಹೋಗಿ" ಎಂದು ಅವಳು ಮುಂದೆ ಹೆಜ್ಜೆಯಿಟ್ಟಳು.

ದಾರಿ ಬಿಡಿ ಎಂದು ಕೇಳಬೇಕಾಗಲಿಲ್ಲ. ಕಪ್‌ಮವಿಯಾನ ಕಾಲು ಎಲ್ಲಿ ಕೋಟಿಗೆ ತಾಕೀತೋ ಎಂದು ಚಲ್‌ತಂಗಾ ಮೊದಲು ಗೋಡೆಗೆ ಒತ್ತಿಕೊಂಡ. ಆಮೇಲೆ ಉಳಿದವರು ಒಬ್ಬರ ಹಿಂದೊಬ್ಬರು ಒತ್ತಿಕೊಂಡರು. ಮೂರು ವರ್ಷ ಬೇಡಿದರೂ ಬಿಡದ ದಾರಿಯನ್ನು ಹೇಸಿಗೆ ಬಿಡಿಸಿಕೊಟ್ಟಿತು. ಅವಳು ಚರ್ಚಿನ ಮೆಟ್ಟಿಲು ಹತ್ತಿ, ಅರ್ಧಕ್ಕೆ ನಿಂತ ಗೋಪುರವನ್ನು ಬಳಸಿಕೊಂಡು ಹಿಂದಕ್ಕೆ ಹೋಗಿ ಬೀಗ ತೆಗೆದಳು.