ಮುಚ್ಚಳಿಕೆ ವಹಾಬ

"ಅಮ್ಮಾ, ಮಂದಿ ಎಲ್ಲಾ ಟೈರ್ ವಹಾಬ ಚಾಚಾನ ಮನಿಗೆ ಹೊಂಟಾರ!" ಎಂದು ಆಸೀಮ ಏದುಸಿರು ಬಿಡುತ್ತ ಒಳಗೆ ಬಂದಾಗ ಪೀರ್ ಬೀ ಗಂಡನ ತಲೆಯ ಹತ್ತಿರ ಕೂತು ಊದಿನಕಡ್ಡಿ ಹಚ್ಚುತ್ತಿದ್ದಳು. ಕಡ್ಡಿ ಗೀರಿದ ಕೈ ಹಾಗೇ ನಿಂತಿತು.

ಬೆಳಿಗ್ಗೆ ಮಸೀದಿಯ ಮೈಕಿನಲ್ಲಿ, "ಅಬ್ದುಲ್ ವಹಾಬ್ ಸಾಹೇಬರು ತೀರಿಕೊಂಡಿದ್ದಾರೆ, ಮಧ್ಯಾಹ್ನ ಜೋಹರ್ ನಮಾಜಿನ ನಂತರ ಮಣ್ಣು" ಎಂದು ಹೇಳಿಸಿದ್ದೇ ಎಡವಟ್ಟಾಗಿತ್ತು. ಕೊಟ್ಟೂರಿನಲ್ಲಿ ಅಬ್ದುಲ್ ವಹಾಬ ಎಂದರೆ ಬಸ್ ಸ್ಟ್ಯಾಂಡಿನ ಪಕ್ಕ ಟೈರ್ ಅಂಗಡಿ ಇಟ್ಟವನು. ಈ ಪಡಸಾಲೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿರುವ ತಗಡಿನ ಕೆಲಸದವನಿಗೂ ಅದೇ ಹೆಸರು ಎಂಬುದು ಊರಿಗೆ ಮರೆತೇ ಹೋಗಿತ್ತು. ಇವನು ನಲವತ್ತೇಳು ವರ್ಷಗಳಿಂದ ಮುಚ್ಚಳಿಕೆ ವಹಾಬ.

ಆಸೀಮನ ಬೆನ್ನಿಗೇ ಟೈರ್ ವಹಾಬನೂ ಬಂದ. ಕೈಯಲ್ಲಿ ಒಂದು ದಪ್ಪ ಹಾರ.

"ಮಂಡಕ್ಕಿ ತಿನ್ಕೋತ ಕುಂತಿದ್ನಿ ಭಾಭೀ. ಹಗರಿಬೊಮ್ಮನಹಳ್ಳಿಯಿಂದ ನಾಕು ಮಂದಿ ಹಾರ ತಗೊಂಡು ಬಂದ್ರು. ನನ್ನ ನೋಡಿ ಒಬ್ಬಾಕಿ ಚಿಟ್ಟನೆ ಚೀರಿ ಅಲ್ಲೇ ಕುಂತುಬಿಟ್ಲು. ಬದುಕೀನ್ರೆವ್ವಾ ಅಂದ್ರ ನಂಬವಲ್ರು!"

ಮೂಲೆಯಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಪೀರ್ ಬೀಯ ತುಟಿಯೂ ಅಲುಗಿತು. ಮಲಗಿದವನು ಎದ್ದು ಕೂತಿದ್ದರೆ ಎಲ್ಲರಿಗಿಂತ ಜೋರಾಗಿ ಅವನೇ ನಗುತ್ತಿದ್ದ.

"ಇನ್ನೊಮ್ಮೆ ಮೈಕಿನ್ಯಾಗ ಹೇಳಸ್ತೀನಿ. ಮುಚ್ಚಳಿಕಿ ವಹಾಬ ಅಂತ ಅಂದ್ರ ಎಲ್ಲಾರ್ಗೂ ತಿಳೀತೈತಿ" ಎಂದ ಆಸೀಮ.

"ಬ್ಯಾಡ."

"ಯಾಕಮ್ಮಾ? ಯಾರೂ ಬರಲಾರದಂಗ ಅಬ್ಬಾನ್ನ ಕಳಸೂದೇನು?"

"ಇವತ್ತೊಂದು ದಿನ ಆ ಹೆಸರು ಬ್ಯಾಡ ಅಂದೆನಲ್ಲ" ಎಂದಳು ಪೀರ್ ಬೀ. ದನಿ ಎಷ್ಟು ಗಡಸಾಗಿತ್ತೆಂದರೆ ಪಕ್ಕದ ಮನೆಯ ಅಂಜಿನಕ್ಕ ಅವಳ ಭುಜ ಹಿಡಿದುಕೊಂಡಳು.

ಆಸೀಮನಿಗೆ ಅರ್ಥವಾಗಲಿಲ್ಲ. ಆಗುವುದಾದರೂ ಹೇಗೆ? ಅಪ್ಪ ಮಾಡಿದ ಡಬ್ಬಿಯ ಮುಚ್ಚಳ ಒಮ್ಮೆ ಕೂತರೆ ಇರುವೆಗೂ ದಾರಿ ಸಿಗುತ್ತಿರಲಿಲ್ಲ. ಮುಚ್ಚಳ ಮಾಡುವವನು ಮುಚ್ಚಳಿಕೆ ವಹಾಬ ಎಂದೇ ಅವನು ತಿಳಿದಿದ್ದ. ಊರಿನ ಅರ್ಧಕ್ಕರ್ಧ ಜನವೂ ಹಾಗೆಯೇ ತಿಳಿದಿದ್ದರು. ಆಸೀಮ ಹೆಮ್ಮೆಯಿಂದ ಅಂಗಡಿಗೆ 'ಮುಚ್ಚಳಿಕೆ ಟಿನ್ ವರ್ಕ್ಸ್' ಎಂದು ಬೋರ್ಡನ್ನೂ ಬರೆಸಿದ್ದ. ಬೋರ್ಡು ಏರಿದ ದಿನ ವಹಾಬ ಕತ್ತೆತ್ತಿ ನೋಡಿ, "ಅಕ್ಷರ ಚಂದ ಬಂದಾವ" ಎಂದಿದ್ದ. ಪೀರ್ ಬೀ ಮಾತ್ರ ಆ ದಿನ ಉಂಡಿರಲಿಲ್ಲ.

ಮುಚ್ಚಳಿಕೆ ಎಂದರೆ ಡಬ್ಬಿಯದಲ್ಲ. ಇನ್ನು ಮುಂದೆ ತಪ್ಪು ಮಾಡುವುದಿಲ್ಲ, ಬಿಟ್ಟುಬಿಡಿ ಎಂದು ಸರಕಾರಕ್ಕೆ ಬರೆದುಕೊಡುವ ಕಾಗದ. ಅದನ್ನು ಬಲ್ಲ ಹಳಬರು ಊರಲ್ಲಿ ಈಗ ಬೆರಳೆಣಿಕೆಯಷ್ಟು ಮಂದಿ. ಅದನ್ನು ಬರೆಸಿದವರು ಯಾರೆಂದು ಬಲ್ಲವಳು ತಾನೊಬ್ಬಳೇ ಎಂದು ಪೀರ್ ಬೀ ನಂಬಿದ್ದಳು.

*

ತುರ್ತುಪರಿಸ್ಥಿತಿಯ ವರ್ಷ. ಹೈಸ್ಕೂಲಿನ ಗುರುಬಸವರಾಜ ಮೇಷ್ಟ್ರು ಒಂದು ಸಂಜೆ ವಹಾಬನ ಅಂಗಡಿಗೆ ಬಂದು, 'ಸರ್ವಾಧಿಕಾರಕ್ಕೆ ಧಿಕ್ಕಾರ' ಎಂದು ತಗಡಿನಲ್ಲಿ ಅಕ್ಷರ ಕೊರೆದುಕೊಡು ಎಂದರು. ತಗಡನ್ನು ಗೋಡೆಗೆ ಹಿಡಿದು ಬಣ್ಣ ಬಳಿದರೆ ಸಾಕು, ಬರಹ ಮೂಡುತ್ತಿತ್ತು. ವಹಾಬ ಒತ್ತುಗಳನ್ನೂ ಬಿಡದೆ ಅಚ್ಚುಕಟ್ಟಾಗಿ ಕೊರೆದುಕೊಟ್ಟ. ಗೋಡೆ ಗೋಡೆಯ ಮೇಲೆ ಅದು ಮೂಡಿದಾಗ ಪೊಲೀಸರು ಹೆಚ್ಚೇನೂ ಹುಡುಕಬೇಕಾಗಲಿಲ್ಲ. ಅಷ್ಟು ನಯವಾಗಿ ತಗಡು ಕತ್ತರಿಸುವ ಕೈ ಊರಿಗೆಲ್ಲ ಒಂದೇ ಇತ್ತು. ಮೇಷ್ಟ್ರನ್ನೂ ವಹಾಬನನ್ನೂ ಒಂದೇ ಜೀಪಿನಲ್ಲಿ ಬಳ್ಳಾರಿ ಜೈಲಿಗೆ ಕರೆದೊಯ್ದರು.

ಆಗ ಪೀರ್ ಬೀಗೆ ಇಪ್ಪತ್ತೆರಡು ವರ್ಷ, ಮೂರು ತಿಂಗಳ ಬಸುರಿ. ನಾಲ್ಕನೆಯ ತಿಂಗಳಲ್ಲಿ ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ.

ಮುಚ್ಚಳಿಕೆ ಬರೆದುಕೊಟ್ಟರೆ ಬಿಡುತ್ತಾರೆ ಎಂದು ಜೈಲಿನ ಬಾಗಿಲಲ್ಲಿ ಯಾರೋ ಹೇಳಿದ್ದರು. ವಹಾಬ ಒಪ್ಪಿರಲಿಲ್ಲ. "ತಪ್ಪು ಮಾಡಿದ್ರ ಬರ್ದುಕೊಡ್ತಿದ್ನಿ. ಅಕ್ಷರ ಕೊರ್ದೀನಿ ಅಷ್ಟ" ಎಂದಿದ್ದ. ಮುಂದಿನ ಭೇಟಿಗೆ ಹೋದಾಗ ಜಾಲರಿಯ ಆಚೆ ಅವನು, ಈಚೆ ಇವಳು, ನಡುವೆ ಕಿವಿಗೊಟ್ಟು ನಿಂತ ಪೊಲೀಸಪ್ಪ. ಹೊಟ್ಟೆಯ ಸುದ್ದಿಯನ್ನು ಅಲ್ಲಿ ಹೇಗೆ ಹೇಳುವುದು? ಬಾಯಿಗೆ ಬಂದದ್ದು ಬೇರೆ ಮಾತು.

"ಅತ್ತಿ ಹಾಸಿಗಿ ಹಿಡ್ದಾಳ. ಹಗಲೂ ರಾತ್ರಿ ನಿನ್ನ ಹೆಸರು ಹಿಡಿದು ಕೂಗ್ತಾಳ. ಬಂದ್ಬಿಡು."

ಎಂಟು ದಿನಕ್ಕೆ ವಹಾಬ ಮನೆಗೆ ಬಂದ. ಹಾಸಿಗೆ ಹಿಡಿದಿದ್ದ ಅವ್ವ ಅಂಗಳದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಪೀರ್ ಬೀ ಬಾಗಿಲ ಹಿಂದೆ ನಿಂತಳು. ಅವನು ಅವ್ವನನ್ನು ನೋಡಿದ, ಇವಳನ್ನು ನೋಡಿದ. "ಆರಾಮ ಆಗ್ಯಾಳಲ್ಲ, ಅಷ್ಟ ಸಾಕು" ಎಂದು ಕೈಕಾಲು ತೊಳೆಯಲು ಹೋದ. ಸುಳ್ಳು ಯಾಕೆ ಹೇಳಿದೆ ಎಂದು ಅಂದೂ ಕೇಳಲಿಲ್ಲ, ಹೊಟ್ಟೆಯ ಸುದ್ದಿ ತಿಳಿದ ಮೇಲೂ ಕೇಳಲಿಲ್ಲ, ಮುಂದೆಂದೂ ಕೇಳಲಿಲ್ಲ. ಕೇಳಿ ಎರಡೇಟು ಹೊಡೆದಿದ್ದರೂ ಅವಳಿಗೆ ಹಗುರವಾಗುತ್ತಿತ್ತು.

ಮರುವರ್ಷ ಮೇಷ್ಟ್ರು ಬಿಡುಗಡೆಯಾಗಿ ಬಂದಾಗ ಬಸ್ ಸ್ಟ್ಯಾಂಡಿನಲ್ಲಿ ಹಾರ, ಡೊಳ್ಳು, ಜೈಕಾರ. ಹಾರ ಹಿಡಿದ ಗುಂಪಿನಲ್ಲಿ ವಹಾಬನೂ ಇದ್ದ. ಮೇಷ್ಟ್ರು ಅವನನ್ನು ಕಂಡು, "ಬಾರಪಾ ಮುಚ್ಚಳಿಕಿ ವಹಾಬ" ಎಂದರು. ಊರು ನಕ್ಕಿತು, ಹೆಸರು ಅಂಟಿಕೊಂಡಿತು.

*

ಹತ್ತೂವರೆಗೆ ಹರಪನಹಳ್ಳಿಯಿಂದ ಗುರುಬಸವರಾಜ ಮೇಷ್ಟ್ರು ಬಂದರು. ಎಂಬತ್ತೆರಡರ ಜೀವ, ಮೊಮ್ಮಗಳ ಕೈ ಹಿಡಿದು ಹೊಸ್ತಿಲು ದಾಟಿದರು. ವಹಾಬನ ಕಾಲ ಬಳಿ ಕೂತು, ಬಟ್ಟೆಯ ಮೇಲಿಂದಲೇ ಪಾದ ಮುಟ್ಟಿದರು. ಹೊರಗೆ ಹಾಕಿದ ಹತ್ತು ಕುರ್ಚಿಗಳಲ್ಲಿ ಏಳು ಖಾಲಿ ಇದ್ದವು.

"ಮಂದಿ ಯಾಕಿಲ್ಲ ತಂಗೀ?"

"ಹೆಸರು ತಿಳೀಲಿಲ್ಲ ಮಂದಿಗೆ" ಎಂದಳು ಪೀರ್ ಬೀ. "ನೀವು ಇಟ್ಟ ಹೆಸರು ಹೇಳಬ್ಯಾಡ ಅಂದೀನಿ."

ಮೇಷ್ಟ್ರು ತಲೆ ತಗ್ಗಿಸಿದರು. "ಕ್ಷಮಾ ಕೇಳಬೇಕಂತ ಎಷ್ಟು ಸರ್ತಿ ಅಂಗಡಿಗೆ ಬಂದೀನಿ. ಬಂದಾಗೆಲ್ಲ ಬಾಯಿ ಬರ್ತಿರಲಿಲ್ಲ, ಒಂದು ಡಬ್ಬಿ ತಗೊಂಡು ಹೋಗಿಬಿಡ್ತಿದ್ದೆ. ಮನ್ಯಾಗ ನಲವತ್ತು ಡಬ್ಬಿ ಅದಾವಮ್ಮ. ಹಾಕಾಕ ಕಾಳಿಲ್ಲ."

ಪೀರ್ ಬೀಗೆ ಅವರ ಮೇಲಿನ ಸಿಟ್ಟು ಅಲ್ಲೇ ಇಳಿಯಿತು. ಇಳಿದ ಮೇಲೆ ಉಳಿದದ್ದು ತನ್ನ ಮೇಲಿನದು ಮಾತ್ರ. ಇನ್ನೆರಡು ತಾಸಿಗೆ ಗಂಡ ಮಣ್ಣಿಗೆ ಹೋಗುವವನು. ಈಗ ಹೇಳದಿದ್ದರೆ ಇನ್ನು ಯಾವಾಗ?

"ನಿಮ್ಮ ತಪ್ಪಲ್ಲ ಮೇಷ್ಟ್ರ. ಅವರ ತಪ್ಪೂ ಅಲ್ಲ. ಅತ್ತಿಗೆ ಏನೂ ಆಗಿರಲಿಲ್ಲ. ಸುಳ್ಳು ಹೇಳಿ ಸಹಿ ಹಾಕಿಸಿದಾಕಿ ನಾನು. ಮೋಸ ಮಾಡಿದೆ" ಎಂದಳು. ಹೇಳುವಾಗ ಮೇಷ್ಟ್ರನ್ನು ನೋಡಲಿಲ್ಲ, ಮಲಗಿದವನ ಮುಖವನ್ನೇ ನೋಡುತ್ತಿದ್ದಳು.

"ಸುಳ್ಳಂತ ಅವಂಗೆ ಗೊತ್ತಿತ್ತಲ್ಲಮ್ಮ!"

ಪೀರ್ ಬೀ ತಟ್ಟನೆ ತಿರುಗಿದಳು.

"ನೀ ಬರೋದಕ್ಕ ಹಿಂದಿನ ದಿನಾನ ನಮ್ಮಣ್ಣ ನನ್ನ ನೋಡಾಕ ಬಂದಿದ್ದ. 'ವಹಾಬನ ಅವ್ವ ಸಂತ್ಯಾಗ ಕುಂಬಳಕಾಯಿಗೆ ಜಗಳ ತಗದಿದ್ಲು, ಗಟ್ಟಿಮುಟ್ಟಿ ಅದಾಳ' ಅಂತ ಹೇಳಿ ಹೋಗಿದ್ದ. ವಹಾಬ ಬಿದ್ದು ಬಿದ್ದು ನಕ್ಕಿದ್ದ. ಮರುದಿನ ನಿನ್ನ ಕಂಡು ಬಂದಾಂವ ಸಹಿ ಹಾಕ್ತೀನಿ ಅಂದ. ಯಾಕಲೇ, ಅವ್ವ ಆರಾಮ ಅದಾಳಲ್ಲ ಅಂದೆ."

"ಏನಂದ್ರು?"

"'ಪೀರ್ ಬೀಗೆ ಸುಳ್ಳು ಹೇಳಾಕ ಬರಂಗಿಲ್ಲ. ಅಂಥಾಕಿ ಸುಳ್ಳು ಹೇಳ್ಯಾಳಂದ್ರ ಅಕಿಗೆ ಏನೋ ಆಗೈತಿ, ಹೇಳಾಕ ಆಗವಲ್ದು. ನಾ ಹೋಗಬೇಕು' ಅಂದ." ಮೇಷ್ಟ್ರು ಮತ್ತೆ ವಹಾಬನ ಪಾದದ ಮೇಲೆ ಕೈಯಿಟ್ಟರು. "ಹೆಂಡ್ತಿ ಸೆರಗಿಗೆ ಕರಗಿದ ಅಂತ ಬ್ಯಾರಕಿನ್ಯಾಗ ಎಲ್ಲಾರ್ಗೂ ಹೇಳಿ ನಗಾಡಿದೆ ನಾನು. ಅವ ಎಂಥ ಗಂಡಸು ಅಂತ ತಿಳಿಯೋ ಬುದ್ಧಿ ನನಗಾಗ ಇರಲಿಲ್ಲ."

ಪೀರ್ ಬೀ ಬೆಳಗಿನಿಂದ ಅತ್ತಿರಲಿಲ್ಲ. ಈಗ ಅತ್ತಳು. ಗಂಡನ ಹಣೆಗೆ ಹಣೆ ಹಚ್ಚಿ, ಊರು ಕೇಳಲಿ ಎನ್ನುವಂತೆ ಅತ್ತಳು. ಇಷ್ಟು ವರ್ಷ ಅವನನ್ನು ಮೋಸದಿಂದ ಎಳೆದು ತಂದೆ ಎಂದುಕೊಂಡಿದ್ದಳು. ಅವನು ಎಲ್ಲ ತಿಳಿದು, ತನ್ನ ಕಾಲಿನಿಂದ ತಾನೇ ನಡೆದು ಬಂದಿದ್ದ. ಅಂಜಿನಕ್ಕ ನೀರು ಕುಡಿಸಿದಳು.

ಮುಖ ಒರೆಸಿಕೊಂಡು ಮಗನನ್ನು ಕರೆದಳು.

"ಹೋಗು, ಮೈಕಿನ್ಯಾಗ ಹೇಳಸು. ಮುಚ್ಚಳಿಕಿ ವಹಾಬ ಅಂತ ಹೇಳಸು."

"ಈಗ ಬ್ಯಾಡ ಅಂದೆಲ್ಲಮ್ಮ?"

"ಅದು ಮುಚ್ಚಳದ್ದಲ್ಲಪಾ. ನಿಮ್ಮ ಅಬ್ಬಾ ನನ್ನ ಸಲುವಾಗಿ ಬರ್ದುಕೊಟ್ಟ ಕಾಗದದ್ದು. ಆಮ್ಯಾಲೆ ಕುಂತು ಹೇಳ್ತೀನಿ. ಲಗೂನ ಹೋಗು."

ಮೈಕು ಎರಡು ಸಲ ಕೂಗಿತು. ಕೂಗಿದ್ದೇ ತಡ, ಓಣಿಯ ಎರಡೂ ತುದಿಯಿಂದ ಜನ ಬರತೊಡಗಿದರು: ಹೋಟೆಲಿನವರು, ಮೆಕ್ಯಾನಿಕ್‌ಗಳು, ಕಿರಾಣಿ ಅಂಗಡಿಯವರು, ಗುಡೇಕೋಟೆಯಿಂದ ಸಂತೆಗೆ ಬಂದಿದ್ದ ಕುರಿಯವರು. ಕುರ್ಚಿ ಸಾಲದೆ ನಿಂತರು. ನಿಲ್ಲಲು ಜಾಗ ಸಾಲದೆ ಎದುರುಮನೆಯ ಕಟ್ಟೆ ಹತ್ತಿದರು.

ಹೊತ್ತಾದ ಮೇಲೆ ಜನಾಜ ಎದ್ದಿತು. ಪೀರ್ ಬೀ ಹೊಸ್ತಿಲಲ್ಲಿ ನಿಂತು ನೋಡಿದಳು. ಹೆಗಲು ಕೊಡುವವರು ಎಷ್ಟು ಮಂದಿಯೆಂದರೆ ಒಬ್ಬರಿಗೂ ನಾಲ್ಕು ಹೆಜ್ಜೆಗಿಂತ ಹೆಚ್ಚು ಸಿಗಲಿಲ್ಲ. ಹೂವಿನ ಚಾದರ ಹೆಗಲಿಂದ ಹೆಗಲಿಗೆ ಸರಸರನೆ ದಾಟುತ್ತ ಓಣಿಯ ತಿರುವಿನವರೆಗೂ ಹೋಗಿಬಿಟ್ಟಿತು. ಹಿಂದೆ ಬಿದ್ದ ಗುರುಬಸವರಾಜ ಮೇಷ್ಟ್ರು ಮೊಮ್ಮಗಳ ಕೈ ಬಿಡಿಸಿಕೊಂಡರು. ಚಪ್ಪಲಿ ಅಲ್ಲೇ ಕಳಚಿ, ಧೋತರ ಮೊಣಕಾಲಿಗೆ ಎತ್ತಿಕಟ್ಟಿ, "ತಡೀರಪಾ, ನನಗೂ ಒಂದು ಹೆಗಲು ಬಿಡ್ರಿ" ಎಂದು ಕೂಗುತ್ತ, ಕಾದ ನೆಲದ ಮೇಲೆ ಬರಿಗಾಲಿನಲ್ಲಿ ಓಡತೊಡಗಿದರು.