ಕಾಲುವೆಗೆ ಬಂದ ನೆರಳು

ಕಾಲುವೆಯ ಕೊನೆಯಲ್ಲಿದ್ದ ನಮ್ಮ ಹೊಲಕ್ಕೆ ಬೇಸಿಗೆಯಲ್ಲಿ ನೀರಿನ ಬದಲು ಗುಬ್ಬಿಗಳು ಬರುತ್ತಿದ್ದವು. ಒಣಗಿದ ಕಾಲುವೆಯ ಮಣ್ಣಿನಲ್ಲಿ ರೆಕ್ಕೆ ಬಡಿದು ಹೊರಳಾಡಿ ಹೋಗುತ್ತಿದ್ದವು. ಅದನ್ನು ಕಂಡಾಗಲೆಲ್ಲ ನಮ್ಮ ಮನೆಯವರು ಮೇಲ್ಗಡೆ, ನನ್ನ ಅಣ್ಣ ಫಕೀರಪ್ಪನ ಹೊಲದತ್ತ ಮುಖ ಮಾಡಿ, "ನಿಮ್ಮಣ್ಣನ ಭತ್ತ ಹೆಂಗ ಹಸರಾಗೇತಿ ನೋಡು," ಎನ್ನುತ್ತಿದ್ದರು.

ಅಣ್ಣನನ್ನು ಕೇಳಿದರೆ ಒಂದೇ ಮಾತು: "ನೀರೆಲ್ಲಾ ಬಿಸಿಲೇ ಕುಡದು ಬಿಡತೈತಿ, ನೀಲವ್ವಾ. ನಾ ಏನ್ ಮಾಡ್ಲಿ?" ತವರಿನ ಮಾತು; ನಾನು ನಂಬಿದೆ. ಅವನ ಪರವಾಗಿ ಗಂಡನ ಜೊತೆ ಜಗಳವನ್ನೂ ಆಡಿದೆ.

ಒಂದು ವರ್ಷ ಕಾಲುವೆಯ ಮೇಲೆ ಉದ್ದಕ್ಕೂ ಸೋಲಾರ್ ಫಲಕ ಹೊದಿಸುವರೆಂಬ ಸುದ್ದಿ ಬಂತು. ಮೇಲೆ ಬಿಸಿಲಿನಿಂದ ಊರಿಗೆ ಕರೆಂಟು, ಕೆಳಗೆ ನೆರಳಿನಲ್ಲಿ ನೀರು ಆರದೆ ಉಳಿಯುತ್ತದೆ ಎಂದರು. ನನಗೆ ಹಿಗ್ಗು. ಆದರೆ ನಮ್ಮ ಮನೆಗೆ ಅಪರೂಪಕ್ಕೂ ಬಾರದ ಅಣ್ಣ ಮರುದಿನವೇ ಬಂದು ಕೂತ.

"ಎಲ್ಲಾರೂ ಬ್ಯಾಡ ಅನ್ರಿ. ಬಿಸಿಲು ಕಾಣದ ನೀರು ಬೆಳಿಗೆ ವಿಷ ಆಗತೈತಿ."

"ನೀರು ಕುಡಿಯೋದು ಬಿಸಿಲೇ ಅಂತಿದ್ದಿ. ನೆರಳು ಬಂದ್ರ ನಿನಗ್ಯಾಕ ಸಂಕಟ?" ಎಂದೆ.

ಅವನು ಚಹಾ ಮುಗಿಸದೆ ಎದ್ದು ಹೋದ.

ಅಂದು ಹೊಕ್ಕ ಅನುಮಾನ ನನ್ನನ್ನು ಬಿಡಲಿಲ್ಲ. ಅವನ ಹೊಲದ ಬಳಿ ಕಂಬಗಳಿಗೆ ಗುಂಡಿ ತೋಡುವಾಗ, ಅತ್ತಿಗೆಯನ್ನು ಕಾಣುವ ನೆಪದಲ್ಲಿ ಹೋದೆ. ಕೆಲಸದವರು ದಂಡೆಯೊಳಗಿಂದ ತೋಳು ದಪ್ಪದ ಪೈಪೊಂದನ್ನು ಎಳೆದು ಹಾಕಿದರು. ಅದರ ಒಂದು ತುದಿ ಕಾಲುವೆಯಿಂದ ಬಂತು, ಇನ್ನೊಂದು ಅಣ್ಣನ ಭತ್ತದಿಂದ. ಬದುವಿನ ಮೇಲೆ ನಿಂತಿದ್ದ ಅಣ್ಣ ನನ್ನನ್ನು ನೋಡಿದ. ನಾನು ಅತ್ತಿಗೆಯನ್ನೂ ಕಾಣದೆ ತಿರುಗಿ ಬಂದೆ.

ಮುಂದಿನ ಬೇಸಿಗೆಯಲ್ಲಿ ನಮ್ಮ ಹೊಲಕ್ಕೆ ನೀರು ಬಂತು. ಗುಬ್ಬಿಗಳು ಫಲಕಗಳ ನೆರಳಿಗೆ ಬಂದು ನೀರು ಕುಡಿದವು. ನಮ್ಮ ಮನೆಯವರು ಕೆಸರಿನಲ್ಲಿ ನಿಂತು ಕೂಗಿದರು: "ಕಳ್ಳ ಬಿಸಿಲೇ ಆಗಿತ್ತು ನೋಡು! ಪಾಪ, ನಿಮ್ಮಣ್ಣನ ಮ್ಯಾಲೆ ಸುಮ್ಮನ ಅನುಮಾನ ಪಟ್ಟೆ. ಊಟಕ್ಕ ಕರಿ ಅವನ್ನ."

ನೆರಳು ನೀರು ಉಳಿಸಿದ್ದು ಸುಳ್ಳಲ್ಲ. ಆದರೆ ಹೊಲ ತುಂಬುವಷ್ಟು ನೀರು ಬರೀ ನೆರಳಿನಿಂದ ಬರಲಿಲ್ಲವೆಂದು ನನಗೆ ಗೊತ್ತಿತ್ತು.

ಕರೆದೆ. ಅಣ್ಣ ತಲೆಯೆತ್ತದೆ ಉಂಡ. ನಮ್ಮವರು ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತ ಕೂತಾಗ ಅವನು ಅಡುಗೆಮನೆಯ ಬಾಗಿಲಿಗೆ ಬಂದ.

"ಅವರಿಗೆ ಹೇಳಿಲ್ಲೇನು?"

"ಇಲ್ಲ."

"ಯಾಕ?"

"ನೀನ ಹೇಳಬೇಕಂತ."

ಅವನು ಬಾಗಿಲಿಂದ ಹೊರಳಿದ. ಆಮೇಲೆ ಪಡಸಾಲೆಯಲ್ಲಿ ಕೂತ ಸದ್ದು, ತಗ್ಗಿದ ದನಿಯಲ್ಲಿ ಮಾತು. ಅಡಕೊತ್ತಿನ ಸದ್ದು ನಿಂತಿತು.

ನಾನು ಒಲೆಯ ಮುಂದೆ ಸೌಟು ಹಿಡಿದು ನಿಂತೇ ಇದ್ದೆ. ಎಷ್ಟೋ ಹೊತ್ತಿನ ಮೇಲೆ ಅಡಕೊತ್ತು ಮತ್ತೆ ಕಟಕಟ ಎಂದಿತು. ಅಣ್ಣನ ಕೈಗೂ ಒಂದು ಹೋಳು ಕೊಟ್ಟರೋ ಇಲ್ಲವೋ, ನಾನು ಇಣುಕಿ ನೋಡಲಿಲ್ಲ.